ಚೀಟಿ ಎತ್ತಿ ಆರಿಸಿದ ಏಳು ಜನ

ನಾನು ಜೀವಮಾನದಲ್ಲಿ ಒಂದೇ ಒಂದು ಸಲ ನ್ಯಾಯಪೀಠದಂಥದ್ದೊಂದರಲ್ಲಿ ಕೂತಿದ್ದೇನೆ. ಅದೂ ಊಟದ ಮೇಜಿನ ಮುಂದೆ, ಮೇಲೆ ಕಾಲೇಜಿಗೆ ಹಾಕುವ ಕುರ್ತಾ, ಕೆಳಗೆ ಮನೆಯ ಪೈಜಾಮ ತೊಟ್ಟುಕೊಂಡು. ಎರಡನೇ ಶನಿವಾರವೇ ನನ್ನನ್ನು ಅಲ್ಲಿಂದ ಎಬ್ಬಿಸಿದರು.

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ನಾವಿರುವುದು ಎರಡು ಬ್ಲಾಕುಗಳ ಹಳೆಯ ಅಪಾರ್ಟ್‌ಮೆಂಟು. ನಾನು ಉಡುಪಿಯವಳು, ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಪಾಠ ಮಾಡುತ್ತೇನೆ. ಗಂಡನಿಗೆ ಕ್ಲಾಂಗ್ ಬಂದರಿನಲ್ಲಿ ಕಂಟೇನರುಗಳ ಕಾಗದಪತ್ರ ನೋಡುವ ಕೆಲಸ. ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಸರ್ಕಾರ ಎಲ್ಲರೂ ಮನೆಯೊಳಗಿರಿ ಎಂದಾಗ, ಹಡಗುಗಳಿಗೆ ಆ ಮಾತು ಅನ್ವಯಿಸದ ಕಾರಣ ಅವನು ಅನುಮತಿ ಪತ್ರ ಹಿಡಿದು ಕಂಪನಿ ವ್ಯಾನಿನಲ್ಲಿ ಹೋಗಿ ಬರುತ್ತಿದ್ದ. ನಾನೂ ಹದಿಮೂರು ವರ್ಷದ ಮಗಳೂ ಮನೆಯಲ್ಲಿ. ನಾನು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಜಗಳ ಮಾತ್ರ ಎರಡೂ ಭಾಷೆಯಲ್ಲಿ ಸರಾಗವಾಗಿ ನಡೆಯುತ್ತಿತ್ತು.

ಹೊರಗೆ ಹೋಗುವ ಹಾಗಿಲ್ಲದ ಜನ ಕಿಟಕಿಯಲ್ಲಿ ನಿಂತರು. ನಿಂತವರು ನೋಡತೊಡಗಿದರು. ನೋಡಿದ್ದನ್ನೆಲ್ಲ ಫೋಟೋ ಸಮೇತ ನಿವಾಸಿಗಳ ವಾಟ್ಸಾಪ್ ಗುಂಪಿಗೆ ಹಾಕತೊಡಗಿದರು. ಮಾಸ್ಕಿಲ್ಲದೆ ಲಿಫ್ಟಿನಲ್ಲಿ ಸೀನಿದವರು ಯಾರು, ಮುಚ್ಚಿದ ಈಜುಕೊಳದಲ್ಲಿ ಕಾಲು ಇಳಿಬಿಟ್ಟವರು ಯಾರು, ಕಸ ಎಸೆಯುವ ನೆಪದಲ್ಲಿ ಮೂರು ಸುತ್ತು ನಡೆದವರು ಯಾರು. ನಿವಾಸಿಗಳ ಸಮಿತಿಯ ಅಧ್ಯಕ್ಷೆ ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್. ಆಕೆ ಕೆಲವು ದೂರುಗಳನ್ನು ಪೊಲೀಸ್ ಠಾಣೆಗೆ ಕಳಿಸಿದರು, ಕೆಲವನ್ನು ಕಳಿಸಲಿಲ್ಲ. ಯಾರ ಮೇಲಿನ ದೂರು ಹೋಯಿತೋ ಅವರ ಮನೆಯವರು ಪಕ್ಷಪಾತ ಅಂದರು. ಕಳಿಸದೆ ಬಿಟ್ಟಿದ್ದಕ್ಕೆ ದೂರು ಕೊಟ್ಟವರೂ ಪಕ್ಷಪಾತ ಅಂದರು. ಒಂದು ಬೆಳಿಗ್ಗೆ ಆಕೆ, 'ನನ್ನಿಂದ ಆಗಲ್ಲಪ್ಪ, ಬೇರೆ ಯಾರಾದರೂ ನೋಡಿಕೊಳ್ಳಿ' ಎಂದು ಗುಂಪಿನಲ್ಲೇ ಬರೆದುಬಿಟ್ಟರು.

ಆಗ ಮುಂದೆ ಬಂದವರು ಬಿ ಬ್ಲಾಕಿನ ಮೂರನೇ ಮಹಡಿಯ ತಮಿಳು ತಾತ. ಕೋರ್ಟಿನಲ್ಲಿ ದುಭಾಷಿಯಾಗಿದ್ದು ನಿವೃತ್ತರಾದವರು. ನಾವೆಲ್ಲ ಅವರನ್ನು ದುಭಾಷಿ ತಾತ ಎಂದೇ ಕರೆಯುತ್ತಿದ್ದೆವು. ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ಈ ದೇಶದಲ್ಲಿ ಕೊಲೆ ಮೊಕದ್ದಮೆಗಳಿಗೆ ಇನ್ನೂ ಜ್ಯೂರಿ ಕೂರುತ್ತಿತ್ತು. ಏಳು ಜನ. ಆಮೇಲೆ ಆ ಪದ್ಧತಿಯನ್ನೇ ತೆಗೆದುಹಾಕಿದರು. ನಾನು ಹುಟ್ಟಿದ ದೇಶವೂ ಅದನ್ನು ನಾನು ಹುಟ್ಟುವ ಮೊದಲೇ ಬಿಟ್ಟಿತ್ತು. ಹೀಗೆ ಎರಡು ದೇಶಗಳು ಬೇಡವೆಂದು ಬಿಟ್ಟಿದ್ದನ್ನು ನಮ್ಮ ಅಪಾರ್ಟ್‌ಮೆಂಟು ಎತ್ತಿಕೊಳ್ಳಲು ಹೊರಟಿತು.

'ಅಮೆರಿಕದಲ್ಲಿ ಗ್ರ್ಯಾಂಡ್ ಜ್ಯೂರಿ ಅಂತ ಒಂದಿದೆ' ಎಂದು ತಾತ ವಿಡಿಯೋ ಸಭೆಯಲ್ಲಿ ವಿವರಿಸಿದರು. 'ಪಟ್ಟಿ ಇಟ್ಟುಕೊಂಡು ಚೀಟಿ ಎತ್ತಿದ ಹಾಗೆ ಸಾಮಾನ್ಯ ಜನರನ್ನ ಕರೀತಾರೆ. ಬಾಗಿಲು ಮುಚ್ಚಿಕೊಂಡು ಕೂರ್ತಾರೆ. ತಪ್ಪಿತಸ್ಥ ಹೌದೋ ಅಲ್ಲವೋ ಅಂತ ಅವರು ಹೇಳೋದಿಲ್ಲ. ಕೇಸು ಮುಂದಕ್ಕೆ ಕಳಿಸೋವಷ್ಟು ವಿಷಯ ಇದೆಯಾ ಇಲ್ಲವಾ, ಅಷ್ಟೇ. ನಮಗೂ ಅಷ್ಟೇ ಸಾಕು.'

'ಆರೋಪ ಬಂದವರು ಏನು ಹೇಳ್ತಾರೆ ಅಂತ ಕೇಳೋದು ಬೇಡವಾ?' ಎಂದರು ಯಾರೋ.

'ಅವರು ಅಲ್ಲಿ ಇರೋದೇ ಇಲ್ಲ. ಅದೇ ಅದರ ಅನುಕೂಲ.'

ಎಲ್ಲರಿಗೂ ಇಷ್ಟವಾಯಿತು. ಮುಖ್ಯವಾಗಿ ಆ ಹೆಸರು ಇಷ್ಟವಾಯಿತು. ಸಮಿತಿ ಎಂದರೆ ಯಾರೂ ಬರುತ್ತಿರಲಿಲ್ಲ. ಗ್ರ್ಯಾಂಡ್ ಜ್ಯೂರಿ ಎಂದ ತಕ್ಷಣ ಗುಂಪಿನಲ್ಲಿ ಹೆಬ್ಬೆರಳುಗಳ ಸುರಿಮಳೆ.

ತೊಂದರೆ ಶುರುವಾದದ್ದು ಪಟ್ಟಿಯಿಂದ. ಯಾವ ಪಟ್ಟಿಯಿಂದ ಚೀಟಿ ಎತ್ತುವುದು? ಮಾಲೀಕರ ಪಟ್ಟಿ ತೆಗೆದರೆ ಅದರಲ್ಲಿ ಅರ್ಧ ಜನ ಸಿಂಗಾಪುರದಲ್ಲೋ ಆಸ್ಟ್ರೇಲಿಯಾದಲ್ಲೋ ಇದ್ದರು. ಬಾಡಿಗೆಯವರನ್ನು ಸೇರಿಸಬೇಕೆಂದರೆ, 'ಅವರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ' ಎಂದು ಒಬ್ಬರು ಬರೆದರು. ವಿಮಾನಗಳೇ ನಿಂತಿದ್ದ ಕಾಲದಲ್ಲಿ ನಾವು ನಾಳೆ ಎಲ್ಲಿಗೆ ಹೋಗುತ್ತೇವೆಂದು ಅವರು ಅಂದುಕೊಂಡಿದ್ದರೋ ತಿಳಿಯದು. ಕೊನೆಗೆ ಕಚೇರಿಯಲ್ಲಿ ಸರಿಯಾಗಿ ಇದ್ದದ್ದು ಒಂದೇ ಪಟ್ಟಿ, ಕಾರ್ ಪಾರ್ಕಿಂಗ್ ಸ್ಟಿಕ್ಕರಿನದು. ಅದೇ ಗತಿಯಾಯಿತು. ಕಾರಿಲ್ಲದ ಮನೆಗಳಿಗೆ ವಿವೇಚನೆಯೂ ಇಲ್ಲ ಎಂದಾಯಿತು. ಎ ಬ್ಲಾಕಿನ ಒಬ್ಬ ಸಾಹೇಬರಿಗೆ ಮೂರು ಕಾರು, ಹಾಗಾಗಿ ಅವರ ಹೆಸರಿನ ಚೀಟಿ ಮೂರು. ವಿದೇಶಿ ಬಾಡಿಗೆದಾರಳಾದ ನಾನು ಹಳೆಯ ಬಿಳಿ ಪುಟ್ಟ ಕಾರಿನ ದೆಸೆಯಿಂದ ಪಟ್ಟಿಗೆ ಸೇರಿದೆ.

ಅಧ್ಯಕ್ಷೆ ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ ಹಾಕಿ, ಕ್ಯಾಮೆರಾದ ಮುಂದೆ ಅಲುಗಾಡಿಸಿ, ಕಣ್ಣು ಮುಚ್ಚಿ ಒಂದೊಂದಾಗಿ ಎತ್ತಿದರು. ಹೆಸರು ಬಂದವರನ್ನು ದುಭಾಷಿ ತಾತ ಫೋನಿನಲ್ಲಿ ವಿಚಾರಿಸಬೇಕು. ಮೊದಲ ದಿನ ಬಂದ ಹೆಸರುಗಳೆಲ್ಲ ತಪ್ಪಿಸಿಕೊಂಡವು. ಒಬ್ಬರಿಗೆ ಸೊಂಟ ನೋವು, ಕೂರಲಾಗದು. ಒಬ್ಬರಿಗೆ ನಾಯಿ ಇದೆ, ಬಿಟ್ಟಿರಲಾಗದು. ಗುಂಪಿನಲ್ಲಿ ದಿನಕ್ಕೆರಡು ಉದ್ದುದ್ದ ಇಂಗ್ಲಿಷ್ ಪ್ರಬಂಧ ಬರೆಯುತ್ತಿದ್ದ ಮನುಷ್ಯ ತನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ ಎಂದ. ಮೂರು ಕಾರಿನ ಸಾಹೇಬರ ಹೆಸರು ಎರಡು ಸಲ ಬಂತು, ಎರಡು ಸಲವೂ ಅವರು ಫೋನ್ ಎತ್ತಲಿಲ್ಲ. ಇನ್ನು ತಾವಾಗಿಯೇ ಫೋನ್ ಮಾಡಿ ನನ್ನನ್ನು ಸೇರಿಸಿಕೊಳ್ಳಿ ಎಂದವರನ್ನು ತಾತ ಸಾರಾಸಗಟಾಗಿ ನಿರಾಕರಿಸಿದರು. 'ಕೂರಬೇಕು ಅಂತ ಆಸೆ ಇರೋರನ್ನ ಕೂರಿಸಬಾರದು. ಅದು ಮೊದಲನೇ ನಿಯಮ.'

ನನಗೆ ಫೋನ್ ಬಂದಾಗ ನಾನು ದೋಸೆ ಹಿಟ್ಟು ರುಬ್ಬುತ್ತಿದ್ದೆ.

'ಅಮ್ಮಾ, ನೀವು ಯಾರ ಮೇಲಾದರೂ ದೂರು ಕೊಟ್ಟಿದ್ದೀರಾ?'

'ಇಲ್ಲ.'

'ನಿಮ್ಮ ಮೇಲೆ ಯಾರಾದರೂ?'

'ನನಗೆ ಗೊತ್ತಿರೋ ಹಾಗೆ ಇಲ್ಲ.'

'ನೆರೆಮನೆಯವರ ಪರಿಚಯ ಇದೆಯಾ?'

ನಾವು ಆ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಲಿಫ್ಟಿನಲ್ಲಿ ತಲೆಯಾಡಿಸುವುದು ಬಿಟ್ಟರೆ ಯಾರ ಜೊತೆಗೂ ಒಂದು ಮಾತು ಆಡಿದವಳಲ್ಲ. ನಾಚಿಕೆಯಾಯಿತು. 'ನಿಜ ಹೇಳಬೇಕೆಂದರೆ, ಇಲ್ಲ' ಅಂದೆ.

'ಭೇಷ್!' ಎಂದರು ತಾತ. 'ನಿಮ್ಮಂಥವರೇ ಬೇಕು.'

ಅಂತೂ ಏಳು ಜನ ಸಿಕ್ಕೆವು. ಮನೆಯಲ್ಲೇ ಕುಳಿತ ಒಬ್ಬ ಪೈಲಟ್, ಕಿಂಡರ್‌ಗಾರ್ಟನ್ ಟೀಚರ್ ಒಬ್ಬಳು, ಕೊನೆಯವರೆಗೂ ಕ್ಯಾಮೆರಾ ತೆರೆಯದ ಒಬ್ಬ ಮಹಿಳೆ, ಹೀಗೆ. ಗಂಡ ಹೇಳಿದ, 'ನಾವು ಇಲ್ಲಿ ವೀಸಾ ಮೇಲೆ ಇರೋರು. ಈ ಊರಿನೋರ ಜಗಳಕ್ಕೆ ಯಾಕೆ ತಲೆ ಕೊಡ್ತೀಯ ಮಾರಾಯ್ತಿ?' ನಾನು ಅವನ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡೆ. ಒಳಗೊಳಗೇ ಖುಷಿಯಾಗಿತ್ತು. ಇಷ್ಟು ವರ್ಷದಲ್ಲಿ ಈ ಊರು ನನ್ನನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲು.

ಮೊದಲ ಶನಿವಾರ ಮಧ್ಯಾಹ್ನ ನಾಲ್ಕು ದೂರುಗಳು ಬಂದವು. ಮೂರನ್ನು ಬಿಟ್ಟೆವು. ನಾಲ್ಕನೆಯದು, ನಾಯಿಯನ್ನು ದಿನಕ್ಕೆ ಮೂರು ಸಲ ಹೊರಗೆ ನಡೆಸುತ್ತಿದ್ದ ಒಬ್ಬ ವೃದ್ಧರ ಮೇಲೆ. ಎಲ್ಲರಿಗೂ ಕಾಫಿಯ ಹೊತ್ತಾಗಿತ್ತು. ಮೂರನ್ನು ಬಿಟ್ಟ ಮೇಲೆ ಒಂದನ್ನಾದರೂ ಕಳಿಸದಿದ್ದರೆ ನಾವು ಕೂತದ್ದಕ್ಕೆ ಅರ್ಥವೇನು ಎಂಬ ಭಾವನೆ ಎಲ್ಲರ ಮುಖದಲ್ಲೂ ಇತ್ತು. ನಾನೂ ಕೈ ಎತ್ತಿದೆ. ಎರಡು ದಿನ ಬಿಟ್ಟು ಬಾಲ್ಕನಿಯಿಂದ ನೋಡಿದೆ: ಗೇಟಿನ ಹತ್ತಿರ ಇಬ್ಬರು ಪೊಲೀಸರು, ಅವರ ಮುಂದೆ ಕೈಕಟ್ಟಿ ನಿಂತ ಆ ಮುದುಕ, ಅವರ ಕಾಲ ಬಳಿ ಬಾಲ ಅಲ್ಲಾಡಿಸುತ್ತಿದ್ದ ನಾಯಿ. ನಾನು ಪರದೆ ಎಳೆದು ಒಳಗೆ ಬಂದೆ. ಆ ಹೊತ್ತಿಗೆ ಬೆಂಡೆಕಾಯಿ ಹೆಚ್ಚುವ ಕೆಲಸ ನನಗೆ ತುಂಬ ಅವಸರದ್ದಾಗಿ ಕಂಡಿತು.

ಎರಡನೇ ಶನಿವಾರದ ದೂರು ಹನ್ನೊಂದನೇ ಮಹಡಿಯ ಹೆಂಗಸಿನ ಮೇಲೆ. ಆಕೆ ಪ್ರತಿದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಕಾರಣವಿಲ್ಲದೆ ಕೆಳಗಿನ ಪಾರ್ಕಿಂಗಿಗೆ ಬರುತ್ತಾಳೆ, ಒಂದು ಗಂಟೆ ಕಾರಿನಲ್ಲಿ ಕೂತು ಫೋನಿನಲ್ಲಿ ಯಾರ ಮೇಲೋ ಕೂಗಾಡುತ್ತಾಳೆ, ನಡವಳಿಕೆ ಅನುಮಾನಾಸ್ಪದ. ಜೊತೆಗೆ ಹನ್ನೆರಡು ಫೋಟೋಗಳು.

'ಹನ್ನೆರಡು ಫೋಟೋ ಅಂದರೆ ಸುಮ್ಮನೆ ಅಲ್ಲ' ಎಂದ ಪೈಲಟ್.

ಅಧ್ಯಕ್ಷೆ ಒಂದೊಂದಾಗಿ ಪರದೆಯ ಮೇಲೆ ತೋರಿಸಿದರು. ಕೆಂಪು ಕಾರು, ಒಳಗೆ ಕನ್ನಡಕ ಹಾಕಿದ ಚೀನೀ ಹೆಂಗಸು, ಬಾಯಿ ಅಗಲವಾಗಿ ತೆರೆದಿದೆ. ಏಳನೇ ಫೋಟೋ ಬಂದಾಗ ನಾನು ಪರದೆಯ ಹತ್ತಿರಕ್ಕೆ ಬಾಗಿದೆ. ಕೆಂಪು ಕಾರಿನ ಹಿಂದೆ, ಕಂಬದ ಪಕ್ಕ, ಒಂದು ಬಿಳಿ ಕಾರಿನ ಮೂತಿ. ಗಾಜಿನೊಳಗೆ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ಕೈ ಎತ್ತಿರುವ ಒಂದು ಆಕೃತಿ. ಅದು ನಾನು.

ವಿಷಯ ಇಷ್ಟೇ. ಮನೆಯಲ್ಲಿ ಒಂದು ಕೋಣೆಯಲ್ಲಿ ಮಗಳ ಆನ್‌ಲೈನ್ ತರಗತಿ. ಮೇಲಿನ ಮನೆಯಲ್ಲಿ ಯಾರೋ ಸದಾ ಏನನ್ನೋ ಕುಟ್ಟುತ್ತಿದ್ದರು. ಹಾಗಾಗಿ ನಾನು ನನ್ನ ಪಾಠಗಳನ್ನು ಕಾರಿನಲ್ಲಿ ಕೂತು ರೆಕಾರ್ಡ್ ಮಾಡುತ್ತಿದ್ದೆ, ಮುಂದಿನ ಕೆಂಪು ಕಾರಿನಲ್ಲಿ ಇರುವವರು ಯಾರೆಂದು ಒಂದು ದಿನವೂ ವಿಚಾರಿಸಿರಲಿಲ್ಲ. ಆ ಫೋಟೋದಲ್ಲಿ ನಾನು ಭುಜದ ಕೀಲು ಹೇಗೆ ತಿರುಗುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆ. ಫೋಟೋ ತೆಗೆದವರಿಗೆ ಹಿಂದಿದ್ದವಳು ಕಂಡೇ ಇರಲಿಲ್ಲ. ಜ್ಯೂರಿಯ ಉಳಿದ ಆರು ಮಂದಿಯಲ್ಲಿ ಒಬ್ಬರೂ ಗಮನಿಸಲಿಲ್ಲ.

ನಾನು ತಕ್ಷಣ ಹೇಳಿದೆನೇ? ಇಲ್ಲ. ಎಂಟನೇ ಫೋಟೋ ಬಂತು, ಒಂಬತ್ತು ಬಂತು. ಮೊದಲು ತಲೆಗೆ ಬಂದದ್ದು ಸತ್ಯವೂ ಅಲ್ಲ, ಆ ಹೆಂಗಸೂ ಅಲ್ಲ. ನನ್ನ ವೀಸಾ. ಪೊಲೀಸ್ ಕಾಗದದಲ್ಲಿ ನನ್ನ ಹೆಸರು ಬಂದರೆ ಕಾಲೇಜಿನವರು ಏನನ್ನುತ್ತಾರೆ ಎಂಬ ಯೋಚನೆ. ನಂಬರ್ ಪ್ಲೇಟು ಕಾಣುವುದಿಲ್ಲ ಎಂಬುದನ್ನು ಎರಡು ಸಲ ಖಾತ್ರಿ ಮಾಡಿಕೊಂಡೆ. ಅಷ್ಟರಲ್ಲಿ ಟೀಚರ್ ಹೇಳಿದಳು, 'ಮನೆ ಬಿಟ್ಟು ಕಾರಲ್ಲಿ ಯಾಕೆ ಕೂರಬೇಕು? ಒಳ್ಳೆಯ ಮನೆಯ ಹೆಂಗಸರು ಹಾಗೆ ಮಾಡ್ತಾರಾ?' ಆ ಮಾತು ನೇರ ನನಗೇ ತಗುಲಿತು. ಧೈರ್ಯದಿಂದಲ್ಲ, ಸಿಟ್ಟಿನಿಂದ ನನ್ನ ಮೈಕು ತೆರೆಯಿತು.

'ಏಳನೇ ಫೋಟೋ ಮತ್ತೆ ತೋರಿಸಿ' ಅಂದೆ. ತೋರಿಸಿದರು. 'ಆ ಬಿಳಿ ಕಾರಿನಲ್ಲಿ ಇರೋದು ನಾನು. ನಾನೂ ದಿನಾ ಅಲ್ಲೇ ಕೂತಿರ್ತೀನಿ. ಆಕೆ ತಪ್ಪು ಮಾಡಿದ್ದರೆ ನಾನೂ ಮಾಡಿದೀನಿ.'

ಪೈಲಟ್ ಕನ್ನಡಕ ಹಾಕಿಕೊಂಡು ಫೋಟೋ ನೋಡಿದ. ಆಮೇಲೆ ಅಧ್ಯಕ್ಷೆ, 'ನಿಮ್ಮ ಮೇಲೆ ಯಾರೂ ದೂರು ಕೊಟ್ಟಿಲ್ಲವಲ್ಲ. ದೂರಿಲ್ಲದೆ ಪ್ರಕರಣ ಇಲ್ಲ' ಎಂದರು. ನನಗೆ ಸಮಾಧಾನವೂ ಆಯಿತು, ಎಲ್ಲೋ ಸಣ್ಣ ಅವಮಾನವೂ ಆಯಿತು. ಅಷ್ಟು ದಿನ ಕೈ ಬೀಸಿ ಪಾಠ ಮಾಡಿದರೂ ಯಾರ ಅನುಮಾನಕ್ಕೂ ನಾನು ಯೋಗ್ಯಳಾಗಿರಲಿಲ್ಲ.

ದುಭಾಷಿ ತಾತ ಮಾತ್ರ ಗಂಭೀರವಾಗಿದ್ದರು. 'ಅಮ್ಮಾ, ನಿಮಗೆ ವಿಷಯ ಗೊತ್ತಿದೆ. ಗೊತ್ತಿರೋರು ಕೂರೋ ಹಾಗಿಲ್ಲ. ನಿಮ್ಮನ್ನ ಬಿಡುಗಡೆ ಮಾಡಬೇಕಾಗುತ್ತೆ.'

'ಹಾಗಾದರೆ ಏನೂ ಗೊತ್ತಿಲ್ಲದ ಆರು ಜನ ತೀರ್ಮಾನ ಮಾಡ್ತೀರಾ?'

'ಏಳು' ಎಂದರು ಅವರು. 'ಇನ್ನೊಬ್ಬರಿಗೆ ಚೀಟಿ ಎತ್ತಬೇಕು. ಮುಂದಿನ ಶನಿವಾರ ನೀವು ಸಾಕ್ಷಿಯಾಗಿ ಬನ್ನಿ. ಅಲ್ಲಿಯವರೆಗೆ ನೀವು ಯಾರ ಜೊತೆ ಬೇಕಾದರೂ ಮಾತಾಡಬಹುದು. ಕೂತವರು ಹೊರಗೆ ಬಾಯಿ ಬಿಡಬಾರದು ಅನ್ನೋ ನಿರ್ಬಂಧ ಈಗ ನಿಮಗೆ ಇಲ್ಲ.' ಕೊನೆಯ ಮಾತನ್ನು ಅವರು ಎರಡು ಸಲ, ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ತಮಿಳಿನಲ್ಲಿ ಹೇಳಿದರು.

ಸೋಮವಾರ ಹನ್ನೊಂದಕ್ಕೆ ಕೆಳಗೆ ಹೋದೆ. ಕೆಂಪು ಕಾರು ಅಲ್ಲೇ ಇತ್ತು. ಆಕೆ ಫೋನನ್ನು ಸ್ಟೀರಿಂಗಿಗೆ ಒರಗಿಸಿ, ಒಂದು ಚೀನೀ ಪತ್ರಿಕೆಯನ್ನು ಮುಖದ ಮುಂದೆ ಹಿಡಿದು ಕೂಗಿ ಓದುತ್ತಿದ್ದಳು. ಫೋನಿನಲ್ಲಿ ದಿಂಬಿಗೊರಗಿದ ಒಬ್ಬ ಮುದುಕನ ಮುಖ, ಕಿವಿಯ ಹತ್ತಿರ ಕೈ. ಓದು ಮುಗಿಯುವವರೆಗೆ ಕಾದು, ಎರಡು ಮಾರು ದೂರದಲ್ಲಿ ನಿಂತು ನನ್ನ ಪರಿಚಯ ಹೇಳಿದೆ. ಆಕೆ ಗಾಜು ನಾಲ್ಕು ಬೆರಳಷ್ಟು ಇಳಿಸಿದಳು.

'ನಿಮ್ಮ ಮೇಲೆ ದೂರು ಬಂದಿದೆ' ಅಂದೆ.

ಆಕೆ ಮೊದಲು ನಕ್ಕಳು. 'ಮತ್ತೆ ಬಂತಾ?'

ಪಕ್ಕದ ರಾಜ್ಯದ ಇಪೋ ಪಟ್ಟಣದಲ್ಲಿ, ವೃದ್ಧರ ಮನೆಯೊಂದರಲ್ಲಿ ಆಕೆಯ ಅಪ್ಪ ಇದ್ದ. ಕಣ್ಣು ಪೂರ್ತಿ ಮಂದ, ಕಿವಿಯೂ ಹಾಗೆಯೇ. ಮೊದಲು ಪಕ್ಕದ ಹಾಸಿಗೆಯವನು ಅವನಿಗೆ ಪತ್ರಿಕೆ ಓದಿ ಹೇಳುತ್ತಿದ್ದ. ಸೋಂಕಿನ ಭಯಕ್ಕೆ ಹಾಸಿಗೆಗಳನ್ನು ದೂರ ಮಾಡಿದ ಮೇಲೆ ಅದೂ ನಿಂತಿತು. ಹಾಗಾಗಿ ಇವಳು ದಿನಾ ಒಂದು ಗಂಟೆ ಓದುತ್ತಾಳೆ. ಮೊದಲು ಮನೆಯಲ್ಲೇ ಓದುತ್ತಿದ್ದಳು. ಆದರೆ ಅಪ್ಪನಿಗೆ ಕೇಳಬೇಕಾದರೆ ಕೂಗಬೇಕು. ಕೂಗಿದ್ದಕ್ಕೆ ಅಕ್ಕಪಕ್ಕದವರು ಗಲಾಟೆ ಎಂದು ದೂರು ಕೊಟ್ಟರು, ಕಚೇರಿಯಿಂದ ಎಚ್ಚರಿಕೆಯ ಕಾಗದ ಬಂತು. ಅದಕ್ಕೇ ಕಾರಿಗೆ ಇಳಿದು ಬಂದದ್ದು.

'ಮನೆಯಲ್ಲಿ ಕೂಗಿದರೆ ಗಲಾಟೆ, ಕಾರಲ್ಲಿ ಕೂಗಿದರೆ ಅನುಮಾನ. ನಾನೇನು ಲಿಫ್ಟಲ್ಲಿ ನಿಂತು ಓದಲಾ?' ಎಂದಳು. ನಗು ನಿಂತಿತ್ತು. 'ಪೊಲೀಸರು ಬರ್ತಾರಾ?'

'ಗೊತ್ತಿಲ್ಲ. ಏನು ಓದ್ತೀರಿ?' ಅಂದೆ, ಬೇರೇನೂ ತೋಚದೆ.

'ಅಪ್ಪನಿಗೆ ಮೊದಲು ಸಾವಿನ ಕಾಲಂ ಬೇಕು. ಸ್ನೇಹಿತರಲ್ಲಿ ಯಾರಿದ್ದಾರೆ, ಯಾರಿಲ್ಲ ಅಂತ.' ಪತ್ರಿಕೆಯನ್ನು ಮಡಚಿದಳು. 'ಗೊತ್ತಿರೋರ ಹೆಸರು ಬಂದರೆ ನಾನು ಬಿಟ್ಟು ಓದ್ತೀನಿ. ಅಪ್ಪನ ಲೆಕ್ಕದಲ್ಲಿ ಇಪೋದಲ್ಲಿ ಯಾರೂ ಸತ್ತೇ ಇಲ್ಲ.'

ಮೂರನೇ ಶನಿವಾರದ ಮೊದಲು ಹೊಸ ಏಳನೆಯವರಿಗಾಗಿ ಡಬ್ಬಿ ಮತ್ತೆ ಅಲುಗಾಡಿತು. ಮೂರು ಕಾರಿನ ಸಾಹೇಬರ ಮೂರನೇ ಚೀಟಿ ಬಂತು. ಈ ಸಲ ತಾತ ಸಾಹೇಬರ ಹೆಂಡತಿಗೆ ಫೋನ್ ಮಾಡಿದರು, ಸಾಹೇಬರು ಸಿಕ್ಕಿಬಿದ್ದರು.

ನಾನು ಸಾಕ್ಷಿ ಹೇಳಿದೆ. ನೋಡಿದ್ದು, ಕೇಳಿದ್ದು, ಅಪ್ಪನ ಕಿವಿ, ಕಚೇರಿಯ ಕಾಗದ, ಎಲ್ಲ. ಸಾವಿನ ಕಾಲಮಿನ ಮಾತು ಮಾತ್ರ ಬಿಟ್ಟೆ. ಅದು ಆ ಏಳು ಜನರಿಗೆ ಸೇರಿದ್ದಲ್ಲ ಅನ್ನಿಸಿತು. ಮುಗಿದ ಮೇಲೆ ತಾತ ನನಗೆ ಹೊರಹೋಗಲು ಹೇಳಿದರು. ನನ್ನನ್ನು ಸಭೆಯಿಂದ ತೆಗೆಯುವ ಗುಂಡಿ ಯಾವುದೆಂದು ಅಧ್ಯಕ್ಷೆಗೂ ಗೊತ್ತಾಗಲಿಲ್ಲ, ನಾನೂ ಹುಡುಕುವ ಗೋಜಿಗೆ ಹೋಗಲಿಲ್ಲ. ಕೊನೆಗೆ ತಾತ, 'ಮೈಕು ಬಂದ್ ಮಾಡಿ, ನೀವಿಲ್ಲ ಅಂತ ಅಂದುಕೊಳ್ತೀವಿ' ಎಂದರು. ಹಾಗೆ ನಾನಿಲ್ಲದವಳಾಗಿ ಎಲ್ಲವನ್ನೂ ಕೇಳಿದೆ.

ಅರ್ಧ ಗಂಟೆ ವಾದ ನಡೆಯಿತು. ಪೈಲಟ್ ಹೇಳಿದ, ಕಾರಣ ಒಳ್ಳೆಯದಿರಬಹುದು, ಆದರೆ ಕಾರಣ ಕೇಳುವುದು ಪೊಲೀಸರ ಕೆಲಸ, ಕಳಿಸುವುದು ನಮ್ಮ ಕೆಲಸ. ಟೀಚರ್ ಈಗ ಆಕೆಯ ಪರವಾಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಳಿಸಬೇಕು ಎಂದು ಮೂವರು, ಬೇಡ ಎಂದು ಮೂವರು. ಉಳಿದವರು ಸಾಹೇಬರು. ಅವರ ಕ್ಯಾಮೆರಾ ಮೊದಲ ಬಾರಿಗೆ ತೆರೆಯಿತು. ಎದೆಗೆ ಅಡ್ಡ ಸೀಟ್ ಬೆಲ್ಟು, ಹಿಂದೆ ತಮಿಳು ಮುಸ್ಲಿಮರ ಮಮಕ್ ಹೋಟೆಲಿನ ಬೋರ್ಡು.

'ನೀವು ಎಲ್ಲಿದ್ದೀರಿ?' ಎಂದರು ತಾತ.

'ರೊಟ್ಟಿ ಕಟ್ಟಿಸಿಕೊಂಡು ಹೋಗೋಕೆ ಬಂದೆ. ಕಾರಲ್ಲಿ ಕಾಯ್ತಿದೀನಿ' ಎಂದರು ಸಾಹೇಬರು. 'ಎಷ್ಟು ಹೊತ್ತಾಗುತ್ತೆ ಇದು? ಹೆಂಗಸು ತನ್ನ ಕಾರಲ್ಲಿ ಕೂತಿದಾಳೆ, ಬಾಗಿಲು ಹಾಕಿದೆ, ಕಾರು ನಿಂತಿದೆ. ಇದರಲ್ಲಿ ಏನಿದೆ? ಬೇಡ, ಕಳಿಸಬೇಡಿ. ನನ್ನ ಊಟ ಬಂತು.' ಪರದೆ ಕಪ್ಪಾಯಿತು.

ನಾಲ್ಕಕ್ಕೆ ಮೂರು. ದುಭಾಷಿ ತಾತ ಎದ್ದುನಿಂತು, ಅವರ ಬನಿಯನ್ ಎಲ್ಲರಿಗೂ ಕಾಣುವ ಹಾಗೆ, ತೀರ್ಮಾನವನ್ನು ಮೂರು ಭಾಷೆಗಳಲ್ಲಿ ಘೋಷಿಸಿದರು. ನ್ಯಾಯ ಒಳ್ಳೆಯವರ ಕಡೆಗೇ ವಾಲಿತು. ಅದರ ಯಶಸ್ಸಿನಲ್ಲಿ ನನ್ನ ಸಾಕ್ಷಿಯ ಪಾಲೆಷ್ಟು, ರೊಟ್ಟಿಯ ಪಾಲೆಷ್ಟು ಎಂದು ನನಗೆ ಇವತ್ತಿಗೂ ಖಚಿತವಿಲ್ಲ.

ಜ್ಯೂರಿ ಇನ್ನೆರಡು ವಾರ ನಡೆಯಿತು. ನಿರ್ಬಂಧ ಸಡಿಲವಾದಂತೆ ಜನ ಕಿಟಕಿ ಬಿಟ್ಟು ಮಾಲ್‌ಗಳ ಕಡೆ ನಡೆದರು, ದೂರುಗಳು ತಾವಾಗಿಯೇ ಒಣಗಿದವು. ಯಾರೂ ಅದನ್ನು ವಿಸರ್ಜಿಸಲಿಲ್ಲ. ಕಾಗದದ ಮೇಲೆ ಅದು ಈಗಲೂ ಇರಬಹುದು. ನಾಯಿಯ ಮುದುಕರು ಲಿಫ್ಟಿನಲ್ಲಿ ಸಿಕ್ಕಾಗ ನನಗಾಗಿ ಬಾಗಿಲು ಹಿಡಿದು ನಿಲ್ಲುತ್ತಾರೆ. ಆ ದಿನ ಕೈ ಎತ್ತಿದವರಲ್ಲಿ ನಾನೂ ಒಬ್ಬಳು ಎಂದು ಅವರಿಗೆ ಹೇಳುವ ಧೈರ್ಯ ನನಗೆ ಬಂದಿಲ್ಲ. ನಾಯಿಗೆ ಬಿಸ್ಕತ್ತು ಹಾಕುತ್ತೇನೆ, ಅಷ್ಟೇ.

ಕೆಂಪು ಕಾರಿನವಳೂ ನಾನೂ ತಿಂಗಳುಗಟ್ಟಲೆ ಹಾಗೇ ಅಕ್ಕಪಕ್ಕ ಕೂತೆವು. ಆಕೆ ಕೂಗಿ ಓದುವಾಗ ನಾನು ರೆಕಾರ್ಡಿಂಗ್ ನಿಲ್ಲಿಸುತ್ತಿದ್ದೆ, ನಾನು ಶುರು ಮಾಡಿದಾಗ ಆಕೆ ಅಪ್ಪನಿಗೆ ನೀರು ಕುಡಿಯಲು ಹೇಳುತ್ತಿದ್ದಳು. ರಾಜ್ಯ ದಾಟಿ ಹೋಗಬಹುದು ಎಂದು ಸರ್ಕಾರ ಹೇಳಿದ ವಾರವೇ ಆಕೆ ಇಪೋಗೆ ಹೊರಟಳು. ಮೂರನೇ ದಿನ ಸಂಜೆ ನಮ್ಮ ಬಾಗಿಲು ತಟ್ಟಿದಳು, ಕೈಯಲ್ಲಿ ಮಗುವಿನ ತಲೆಯಷ್ಟು ದೊಡ್ಡ ಎರಡು ಚಕ್ಕೋತ ಹಣ್ಣು. 'ಅಪ್ಪ ಕಳಿಸಿದ್ದು. ಫೋನಿನಲ್ಲಿ ಹಿಂದುಗಡೆ ಒಂದು ಹೆಂಗಸಿನ ದನಿ ಕೇಳ್ತಿತ್ತಲ್ಲ, ಮೂಳೆಗಳ ಬಗ್ಗೆ ಮಾತಾಡ್ತಿದ್ದಳಲ್ಲ, ಅವಳಿಗೆ ಕೊಡು ಅಂದರು.'

'ನಿಮ್ಮ ಅಪ್ಪನಿಗೆ ಕಿವಿ ಕೇಳಲ್ಲ ಅಂದಿರಿ!'

ಆಕೆ ಭುಜ ಕುಣಿಸಿದಳು. 'ನನ್ನದು ಮಾತ್ರ ಕೇಳಲ್ಲ ಅಂತ ಕಾಣುತ್ತೆ.'

ಮಗಳು ಬಂದು ಹಣ್ಣನ್ನು ಎರಡು ಕೈಯಲ್ಲಿ ಎತ್ತಿ ನೋಡಿ, ಇದನ್ನು ಹೇಗೆ ಸುಲಿಯುವುದು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಚಾಕು ತರಲು ಒಳಗೆ ಹೋದೆ. ಕೆಂಪು ಕಾರಿನವಳು ಚಪ್ಪಲಿ ಬಿಟ್ಟು, ಮೊದಲ ಬಾರಿಗೆ ನಮ್ಮ ಮನೆಯೊಳಗೆ ಬಂದಳು.